ಕಾಕಾನ ಟ್ರಂಕಿನೊಳಗಿನ ಮದ್ದು

"ತಮ್ಮಾ, ಮೂರು ಬಂದೂಕು ಇದ್ದ ಮನಿ ಇದು," ಅಂತ ಬೇಲಿಯಾಚೆಯ ಕಾಕಾ ಶುರುಮಾಡಿದರೆ ನನ್ನ ಚಹಾ ಆರಿದ ಹಾಗೇ. ಮೂರನೆಯದನ್ನು ಸರ್ಕಾರವೇ ಇಳಿಸಿತು. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಒಬ್ಬರಿಗೆ ಎರಡೇ ಬಂದೂಕು ಅಂತಾಯಿತು. ಹೆಚ್ಚಿನದನ್ನು ಠಾಣೆಗೋ ಲೈಸೆನ್ಸ್ ಇರುವ ಅಂಗಡಿಗೋ ಒಪ್ಪಿಸಲು ಒಂದು ವರ್ಷ ಗಡುವು. ಅಜ್ಜನಿಂದ ಬಂದದ್ದು ಅಂದರೂ ಬಿಡಲಿಲ್ಲ. ಈಗ ಉಳಿದದ್ದು ಕೇಪಿನ ಬಂದೂಕು ಒಂದು, ಜೋಡುನಳಿಗೆ ಒಂದು.

ಕೇಪಿನದು ನೋಡಲು ಚೆಂದ. ನಳಿಗೆಗೆ ಮದ್ದು ಸುರಿದು, ಚಿಂದಿ ತುರುಕಿ, ಗಜದಿಂದ ಜಡಿದು, ಮೇಲೆ ಚರೆ ಹಾಕಿ, ಕಡೆಗೆ ಕೇಪು ಇಡಬೇಕು. ಅಷ್ಟರೊಳಗೆ ಹಂದಿ ನಮ್ಮ ಶೇಂಗಾ ಮುಗಿಸಿ ಪಕ್ಕದ ಹೊಲದ ಮೆಕ್ಕೆಜೋಳಕ್ಕೆ ಕೈಹಾಕಿರುತ್ತದೆ. ಜೋಡುನಳಿಗೆಗೆ ಕಾಕಾ ಪ್ರಾಯದಲ್ಲಿ ಸುಟ್ಟ ಕಾಡತೂಸುಗಳನ್ನೇ ಆಯ್ದು ಮತ್ತೆ ತುಂಬುತ್ತಿದ್ದರಂತೆ. ಟ್ರಂಕಿನಲ್ಲಿ ಹಸಿರುಗಟ್ಟಿದ ಹಿತ್ತಾಳೆ ತೋಟಾಗಳು, ಮದ್ದು ಅಳೆಯುವ ಚಿಕ್ಕ ಚಮಚ, ನಶ್ಯದ ಡಬ್ಬಿ ತುಂಬ ಕೇಪು ಇನ್ನೂ ಇವೆ. ಚಿಗವ್ವನ ತಕರಾರು ಒಂದೇ: "ಮದ್ದು ಇಡೂದು ಇವರು, ಪಕ್ಕದಾಗ ಒಲಿ ಹಚ್ಚೂದು ನಾನು!"

ಚಿಗವ್ವನ ಮಾತೇ ಸರಿ ಅನ್ನಿಸುತ್ತದೆ ನನಗೆ. ಬಂದೂಕಿಗೆ ಲೈಸೆನ್ಸ್ ಇದ್ದ ಮಾತ್ರಕ್ಕೆ ಮನೆಯಲ್ಲೇ ಕಾಡತೂಸು ತಯಾರಿಸಬಹುದು ಅಂತಲ್ಲ; ಅದಕ್ಕೆ ಬೇರೆಯೇ ಪರವಾನಗಿ ಬೇಕು. ಹೊಡೆಯುವುದಾದರೂ ಯಾವುದನ್ನ? ಕನಕಗಿರಿ ಕಡೆಯ ಕರಡಿ, ಆನೆಗೊಂದಿ ಗುಡ್ಡದ ಚಿರತೆ ಎರಡಕ್ಕೂ 1972ರ ವನ್ಯಜೀವಿ ಕಾಯ್ದೆಯ ಕಾವಲಿದೆ. ಹಂದಿಗೂ ಅರಣ್ಯ ಇಲಾಖೆಯ ಅಪ್ಪಣೆ ಬೇಕು. ಮದುವೆ ಮೆರವಣಿಗೆಯಲ್ಲಿ ಆಕಾಶಕ್ಕೆ ಹಾರಿಸಿ ಯಾರಿಗಾದರೂ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಎರಡೂ ಆದರೂ ಆಯಿತು.

ಇನ್ನು ಚುನಾವಣೆ ಬಂದಾಗ ಬಂದೂಕನ್ನು ಠಾಣೆಯಲ್ಲಿಡುವ ಪಾಡು. 2023ರ ಮೇ 10ಕ್ಕೆ ವಿಧಾನಸಭೆ, ಮರುವರ್ಷ ಮೇ 7ಕ್ಕೆ ನಮ್ಮ ಕೊಪ್ಪಳ ಲೋಕಸಭೆ. ಎರಡೂ ಸಲ ಕಾಕಾ ಜೋಡುನಳಿಗೆಯನ್ನು ಹಳೇ ಧೋತರದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡು ಠಾಣೆಗೆ ಹೋದರು. ಫಲಿತಾಂಶ ಬಂದ ಮೇಲೆ ಮತ್ತೆ ಹೋಗಿ ತಂದರು. ಬಂದೂಕು ಕಾಕಾನನ್ನು ಕಾಯುತ್ತಿದೆಯೋ, ಕಾಕಾ ಬಂದೂಕನ್ನೋ?

ಕೊಟ್ಟುಬಿಡಿ ಅಂದರೆ, "ಕೊಟ್ಟರ ಊರಾಗ ಏನಂತಾರ?" ಅನ್ನುವುದು ಅವರ ಸಂಕಟ. ಹಲಗಲಿ ಬೇಡರು 1857ರಲ್ಲಿ ಹತಾರ ಕೊಡೆವು ಅಂತ ಇಂಗ್ಲಿಷರ ಮೇಲೆ ತಿರುಗಿಬಿದ್ದದ್ದು, ಮುಂದಿನ ವರ್ಷ ಮುಂಡರಗಿ ಭೀಮರಾಯ ಕೊಪ್ಪಳ ಕೋಟೆಯಲ್ಲಿ ಕಾದಾಡಿ ಸತ್ತದ್ದು, ಎಲ್ಲಾ ಎತ್ತುತ್ತಾರೆ. ನಾನೂ ಬಿಡಲಿಲ್ಲ. "ಅವರು ಕಂಪನಿ ಸರ್ಕಾರಕ್ಕ ಕೊಡಲಿಲ್ಲ ಕಾಕಾ. ನೀವು ಅಟ್ಟದ ಮ್ಯಾಲಿನ ಇಲಿಗಿ ಬಿಟ್ಟುಕೊಟ್ಟೀರಿ!" ನಕ್ಕರು. ಕೊಡಗಿನವರ ಹಾಗೆ ಲೈಸೆನ್ಸಿನ ವಿನಾಯಿತಿ ನಮಗಿಲ್ಲ, ಕೈಲ್‌ಪೊಳ್ದ್‌ನಂಥ ಆಯುಧದ ಹಬ್ಬವೂ ಇಲ್ಲ. ನಮ್ಮ ಆಯುಧ ಪೂಜೆಗೆ ಕುಡುಗೋಲು, ಟ್ರ್ಯಾಕ್ಟರ್ ಸಾಕು.

ಕಡೆಗೆ ಕೇಪಿನದನ್ನು ಒಪ್ಪಿಸಲು ಕಾಕಾ ಒಪ್ಪಿದ್ದಾರೆ, ಮದ್ದಿನ ಡಬ್ಬಿಯ ವಿಚಾರವನ್ನೂ ಠಾಣೆಯಲ್ಲೇ ಕೇಳುತ್ತಾರಂತೆ. ಜೋಡುನಳಿಗೆ ಮುಂದಿನ ನವೀಕರಣದವರೆಗೆ ಇರಲಿ ಅಂದರು, ನಾನು ಜಗ್ಗಾಡಲಿಲ್ಲ. ನಿಮ್ಮ ಅಟ್ಟದ ಮೇಲೂ ತೀರಿಹೋದ ಅಪ್ಪನದೋ ಅಜ್ಜನದೋ ಹೆಸರಿನ ಬಂದೂಕಿದ್ದರೆ ಹಾಗೇ ಇಟ್ಟುಕೊಳ್ಳಬೇಡಿ. ಸತ್ತವರ ಲೈಸೆನ್ಸ್ ನಿಮಗೆ ನಡೆಯುವುದಿಲ್ಲ. ನಿಮ್ಮ ಹೆಸರಿಗೆ ಅರ್ಜಿ ಹಾಕಿ, ಇಲ್ಲವೇ ಠಾಣೆಗೆ ಒಪ್ಪಿಸಿ ರಸೀದಿ ಪಡೆಯಿರಿ.