ಭಂಗಾರದ ಕಾಕಾ

ಶಿರೂರು ಎಂದೊಡನೆ ಕನ್ನಡ ವಾಚಕರ ಚಿತ್ತವು ಉಡುಪಿಯ ಮಠದ ಕಡೆಗೋ ಅಂಕೋಲೆಯ ಗುಡ್ಡದ ಕಡೆಗೋ ಧಾವಿಸುವುದು ಸಹಜವಾದುದರಿಂದ, ನಾನು ಹೇಳಹೊರಟಿರುವುದು ಪುಣೆಯಿಂದ ಅಹ್ಮದನಗರಕ್ಕೆ, ಅಂದರೆ ಈಗಿನ ಅಹಿಲ್ಯಾನಗರಕ್ಕೆ, ಹೋಗುವ ಹೆದ್ದಾರಿಯಲ್ಲಿ 70 ಕಿಲೋಮೀಟರಿನ ಆಸುಪಾಸಿನಲ್ಲಿ, ಘೋಡ ನದಿಯ ದಂಡೆಯ ಮೇಲಿರುವ, ಹಳಬರು ಇಂದಿಗೂ ಘೋಡನದಿಯೆಂದೇ ಕರೆಯುವ ತಾಲೂಕು ಪಟ್ಟಣವನ್ನು ಕುರಿತು ಎಂದು ಮೊದಲೇ ಅರಿಕೆ ಮಾಡಿಕೊಳ್ಳುವುದು ಕ್ಷೇಮ. ಮಹಾರಾಷ್ಟ್ರದ ಸ್ಥಳನಾಮಗಳಲ್ಲಿ ಕನ್ನಡದ ಹೆಜ್ಜೆಗಳನ್ನು ಅರಸಿದ ಶಂ. ಬಾ. ಜೋಶಿಯವರ ಅಭಿಮಾನಿಗಳಿಗೆ ಈ ಹೆಸರಿನ ಬಾಲದಲ್ಲಿರುವ 'ಊರು' ಒಂದೇ ಸಾಕಾದೀತು. ನನಗಾದರೋ ಈ ಪಟ್ಟಣದಲ್ಲಿ ಕನ್ನಡವು ಜೀವಂತವಾಗಿದೆಯೆಂಬುದಕ್ಕೆ ಇದಕ್ಕಿಂತ ಪ್ರತ್ಯಕ್ಷವಾದ ಪ್ರಮಾಣವೊಂದು, ನನ್ನ ಬಾಡಿಗೆಯ ಮನೆಯ ಗೋಡೆಗೆ ಗೋಡೆ ಹಚ್ಚಿಕೊಂಡು, ಹಗಲೆಲ್ಲ ಕತ್ತರಿಯ ಸಪ್ಪಳ ಮಾಡುತ್ತ ವಾಸವಾಗಿದೆ.

ಈ ಊರಿಗೆ ಬಂದ ಮೊದಲನೆಯ ಭಾನುವಾರ ಬೆಳಿಗ್ಗೆ ಬೀದಿಯಲ್ಲಿ ತಳ್ಳುಗಾಡಿಯವನೊಬ್ಬನು "ಭಂಗಾರ್! ಭಂಗಾರ್!" ಎಂದು ಕೂಗುತ್ತ ಹೋಗುವುದನ್ನು ಕೇಳಿ, ಸುವರ್ಣವನ್ನು ಬದನೆಕಾಯಿಯಂತೆ ಗಾಡಿಯಲ್ಲಿ ಹೇರಿಕೊಂಡು ಮಾರುವಷ್ಟು ಐಶ್ವರ್ಯವಂತವಾದ ಊರಿಗೆ ವರ್ಗವಾದ ನನ್ನ ಪುಣ್ಯಕ್ಕೆ ನಾನೇ ಬೆರಗಾಗಿ ಬಾಗಿಲಿಗೆ ಬಂದು ನೋಡಲಾಗಿ, ಗಾಡಿಯಲ್ಲಿದ್ದುದು ಮುರುಕು ಬಕೀಟು, ಕಾಲಿಲ್ಲದ ಕುರ್ಚಿ ಮತ್ತು ಒಂದು ತುಕ್ಕು ಹಿಡಿದ ಸೈಕಲ್ಲಿನ ಅಸ್ಥಿಪಂಜರ. ಮರಾಠಿಯಲ್ಲಿ ಭಂಗಾರವೆಂದರೆ ಗುಜರಿ. ಒಂದು ಮಹಾಪ್ರಾಣದ ಅಂತರದಲ್ಲಿ ನಮ್ಮ ಬಂಗಾರವು ಅವರ ಕಸವಾಗಿಬಿಡುವುದನ್ನು ಕಂಡು ನಾನು ಪೆಚ್ಚಾಗಿ ನಿಂತಿರುವಾಗ, ಪಕ್ಕದ ಮನೆಯಿಂದ ಲುಂಗಿ ಬನಿಯನ್ನಿನ ವೃದ್ಧರೊಬ್ಬರು ಹೊರಬಂದು, ಗಾಡಿಯನ್ನು ನಿಲ್ಲಿಸಿ, ಮಾರುವುದಕ್ಕೆ ಬದಲಾಗಿ ಅದರಿಂದ ಒಂದು ಲ್ಯಾಂಪಿನ ಗಾಜನ್ನು ಐದು ರೂಪಾಯಿ ಕೊಟ್ಟು ಕೊಂಡು, ನನ್ನ ಕಡೆ ತಿರುಗಿ, "ತಮ್ಮಾ, ಕನ್ನಡದವರೇನು? ಮಾರೀ ನೋಡಿದ್ರ ಗೊತ್ತಾಗ್ತದ" ಎಂದರು. ಭಂಗಾರಕ್ಕೂ ಬಂಗಾರಕ್ಕೂ ಭೇದವನ್ನೇ ಅರಿಯದ ಆ ಅದ್ವೈತಿಯೇ ನಮ್ಮ ಕಾಕಾ.

ಕಾಕಾ ಇಂಡಿ ತಾಲೂಕಿನವರು, ಭೀಮಾತೀರದವರು. ಭೀಮಾತೀರವೆಂದೊಡನೆ ಸಿನಿಮಾ ನೋಡಿದವರು ಬೆಚ್ಚಬೇಕಾಗಿಲ್ಲ, ಇವರ ಬಳಿಯಿರುವ ಏಕೈಕ ಆಯುಧವೆಂದರೆ ಕತ್ತರಿ. ಸರಕಾರಿ ಶಾಲೆಯಲ್ಲಿ ಕ್ರಾಫ್ಟ್ ಮಾಸ್ತರರಾಗಿ ಮೂರು ದಶಕ ಮಕ್ಕಳಿಗೆ 'ಕಸದಿಂದ ರಸ'ವನ್ನು ಬೋಧಿಸಿ ನಿವೃತ್ತರಾಗಿ, ರಾಂಜಣಗಾವಿನ ಔದ್ಯೋಗಿಕ ವಸಾಹತಿನ ಕಾರಖಾನೆಯೊಂದರಲ್ಲಿ ಕೆಲಸಕ್ಕಿರುವ ಮಗನೊಡನೆ ಇಲ್ಲಿ ನೆಲೆಸಿರುವರು. ಇಲ್ಲಿಗೆ ಬಂದ ಮೇಲೆ, ಅದೇ ತತ್ತ್ವಕ್ಕೆ ಮರಾಠಿಯಲ್ಲಿ 'ಟಾಕಾವೂತೂನ ಟಿಕಾವೂ' ಎನ್ನುವರೆಂದು, ಅಂದರೆ ಎಸೆಯತಕ್ಕುದರಿಂದ ಬಾಳತಕ್ಕುದು ಎಂದು, ತಿಳಿದಾಗ ಅವರಿಗಾದ ಆನಂದವು ಪರದೇಶದಲ್ಲಿ ಸ್ವಗೋತ್ರದವನನ್ನು ಕಂಡವನ ಆನಂದ.

ಹಾಲಿನ ಪ್ಲಾಸ್ಟಿಕ್ ಚೀಲವನ್ನು ತೊಳೆದು ಅಡಿಗೆಮನೆಯ ಟೈಲ್ಸಿಗೆ ಅಂಟಿಸಿ ಒಣಗಿಸುವವರನ್ನೂ, ಟೂತ್‌ಪೇಸ್ಟಿನ ಕೊಳವೆಯನ್ನು ಉದ್ದಕ್ಕೆ ಸೀಳಿ ಇನ್ನೂ ಮೂರು ದಿನ ಸಾಗಿಸುವವರನ್ನೂ, ಕರೆಂಟು ಬಿಲ್ಲಿನ ಬೆನ್ನ ಮೇಲೆ ಕಿರಾಣಿಯ ಯಾದಿ ಬರೆಯುವವರನ್ನೂ ನಾವೆಲ್ಲ ಬಲ್ಲೆವು. ಈ ಪಂಥದವರು ಬೀದರದಿಂದ ಚಾಮರಾಜನಗರದವರೆಗೆ ಮನೆಗೊಬ್ಬರಂತೆ ಹರಡಿರುವರು. ಆದರೆ ಅವರದು ಬರಿಯ ಮಿತವ್ಯಯ. ಕಾಕಾ ಅವರದು ಸಿದ್ಧಾಂತ, ಮತ್ತು ಆ ಸಿದ್ಧಾಂತಕ್ಕೆ ಭೂಗೋಳದ ಆಧಾರವುಂಟು. ಘೋಡ ನದಿಯು ಮುಂದೆ ಭೀಮೆಯನ್ನು ಸೇರುವುದಷ್ಟೆ. ಭೀಮೆಯು ಇವರ ಊರಿನ ಹೊಲದ ಬದುವಿನಲ್ಲಿಯೇ ಹರಿಯುವುದಷ್ಟೆ. "ಇಲ್ಲೆ ಒಗದದ್ದು ಎಲ್ಲಿ ಹೋಗ್ತದ ಹೇಳ್ರಿ? ತೇಲಿಕೋತ ನಮ್ಮೂರಿಗೇ ಬರ್ತದ. ನಮ್ಮ ಕಸ ನಮ್ಮ ಮನಿಗೇ ಬರೂದಿದ್ರ ಒಗಿಯೂದ್ಯಾಕ?" ಎಂಬ ಅವರ ಪ್ರಶ್ನೆಗೆ, ನಡುವೆ ಉಜನಿಯ ಅಣೆಕಟ್ಟಿದೆಯೆಂದು ನಾನು ಒಮ್ಮೆ ಉತ್ತರ ಕೊಟ್ಟುನೋಡಿದೆ. ಅಣೆಕಟ್ಟಿಗೆ ಬಾಗಿಲು ಇರುವುದಿಲ್ಲವೇ ಎಂದು ಅವರು ಕೇಳಿದರು.

ಹೀಗಿರಲು, ಕಳೆದ ಫೆಬ್ರವರಿಯ ಆರಂಭದಲ್ಲಿ ಅವರ ಮನೆಯಲ್ಲಿ ಒಂದು ವಿಷಮ ಪ್ರಸಂಗವು ಒದಗಿತು. ಧಾರವಾಡದ ಸೊಸೆಯು 14 ರಂದು, ಅಂದರೆ ವ್ಯಾಲೆಂಟೈನ್ ದಿನದ ರಾತ್ರಿ, ಊಟದ ಮೇಜನ್ನು ಅಲಂಕರಿಸಿ ಗಂಡನೊಡನೆ ಶಾಂತವಾಗಿ ಊಟ ಮಾಡಬೇಕೆಂಬ ಇಚ್ಛೆಯಿಂದ, ಮೊಬೈಲಿನಲ್ಲಿ ಅಲಂಕಾರಸಾಮಗ್ರಿಯ ಪೊಟ್ಟಣವೊಂದನ್ನು ತರಿಸಲು ಹೊರಟಿದ್ದಳು. ಬೆಲೆ 900 ರೂಪಾಯಿ. ಈ ದಿನವನ್ನು ಕಂಡರಾಗದೆ ಲಾಠಿ ಹಿಡಿದು ಉದ್ಯಾನಗಳಿಗೆ ನುಗ್ಗುವ ಸಂಸ್ಕೃತಿರಕ್ಷಕರ ಗುಂಪಿಗೆ ಕಾಕಾ ಸೇರಿದವರಲ್ಲ. ಪ್ರೇಮದ ವಿಷಯದಲ್ಲಿ ಅವರದೇನೂ ತಕರಾರಿಲ್ಲ, ತಕರಾರೆಲ್ಲ ಪೊಟ್ಟಣದ ವಿಷಯದಲ್ಲಿ. 2023 ರಲ್ಲಿ ಕೇಂದ್ರದ ಪಶು ಕಲ್ಯಾಣ ಮಂಡಳಿಯು ಅದೇ ತಾರೀಖಿನಂದು ಆಕಳನ್ನು ಅಪ್ಪಿಕೊಳ್ಳಿರೆಂದು ದೇಶಕ್ಕೆ ಕರೆಕೊಟ್ಟು, ನಾಲ್ಕೇ ದಿನಗಳಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡಾಗ, ದೇಶವೆಲ್ಲ ನಕ್ಕರೂ ಕಾಕಾ ಮಾತ್ರ ಮರುಗಿದರು. "ಪುಕ್ಕಟ ಇತ್ತಲ್ರೀ ಅದು!"

ಈ ದಿನದ ಅಧಿದೇವತೆಯಾದ ಸಂತ ವ್ಯಾಲೆಂಟೈನನ ಹೆಸರನ್ನು ರೋಮಿನ ಧರ್ಮಪೀಠವು 1969 ರಲ್ಲಿ ತನ್ನ ಸಾರ್ವತ್ರಿಕ ಪಂಚಾಂಗದಿಂದ ತೆಗೆದುಹಾಕಿತೆಂಬ ಸಂಗತಿಯನ್ನು ನಾನು ಹೇಳಬಾರದಾಗಿತ್ತು. ಹೇಳಿದೆ. ಕಾಕಾ ಅವರ ಕಣ್ಣುಗಳು ಅರಳಿದವು. "ಅಂದ್ರ, ಅವ್ರು ಒಗದಾರ; ಮಂದಿ ಮತ್ತ ಉಪಯೋಗಕ್ಕ ತಗೊಂಡಾರ!" ಎಂದು ಉದ್ಗರಿಸಿ, ಆ ಕ್ಷಣದಿಂದಲೇ ಆ ಪಾಶ್ಚಾತ್ಯ ಸಂತನನ್ನು ತಮ್ಮ ಪಂಥದ ಮೂಲಪುರುಷನನ್ನಾಗಿ ಅಂಗೀಕರಿಸಿ, 900 ರೂಪಾಯಿಯ ಪೊಟ್ಟಣವನ್ನು ರದ್ದುಗೊಳಿಸಿ, ಅಲಂಕಾರದ ಸಮಸ್ತ ಭಾರವನ್ನೂ ತಾವೇ ವಹಿಸಿಕೊಂಡರು. ಸೊಸೆಯು ಏನನ್ನೋ ಹೇಳಲು ಬಾಯಿತೆರೆದು, ಅತ್ತೆಯ ಮುಖವನ್ನು ನೋಡಿ, ಮುಚ್ಚಿದಳು.

ಹತ್ತು ದಿನ ಆ ಮನೆ ಕಾರ್ಯಾಗಾರವಾಯಿತು. ಮಂಚದ ಕೆಳಗಿನಿಂದ ಟ್ರಂಕು ಹೊರಬಂದಿತು. ಅದರಲ್ಲಿ ವಿಜಯಪುರದಿಂದ ಶಿರೂರಿನವರೆಗಿನ ಬಂಧುಬಾಂಧವರ ಲಗ್ನಪತ್ರಿಕೆಗಳು, ಮಿಠಾಯಿ ಡಬ್ಬಿಗಳ ಜರಿದಾರ, ಊದಿನಕಡ್ಡಿಯ ಕೊಳವೆಗಳು, ಕಳೆದ ವರ್ಷಗಳ ಕಾಲನಿರ್ಣಯದ ಹಾಳೆಗಳು. ಪಂಚಾಂಗದಿಂದ ಹೊರಬಿದ್ದ ಸಂತನಿಗೆ ಹಳೆಯ ಪಂಚಾಂಗದ ಹಾಳೆಯಿಂದಲೇ ತೋರಣವಾಗುವುದು ಎಷ್ಟು ಉಚಿತವೆಂಬುದನ್ನು ಕಾಕಾ ನನಗೆ ಎರಡು ಸಲ ವಿವರಿಸಿದರು. ಮಗನ ಕಾರಖಾನೆಯ ಕಡೆಯಿಂದ ಹೇರಳವಾಗಿ ಸಿಗಬಹುದಾಗಿದ್ದ ಥರ್ಮಾಕೋಲನ್ನು ಮಾತ್ರ ಅವರು ಮುಟ್ಟಲಿಲ್ಲ. ಮಹಾರಾಷ್ಟ್ರ ಸರಕಾರವು 2018 ರಲ್ಲಿ ಅಲಂಕಾರಕ್ಕೆ ಅದನ್ನು ನಿಷೇಧಿಸಿದೆಯೆಂದೂ, ತಾವು ನಿವೃತ್ತ ಸರಕಾರಿ ನೌಕರರೆಂದೂ, ಬೇರೆ ರಾಜ್ಯದ ಆಜ್ಞೆಯಾದರೂ ಆಜ್ಞೆಯೇ ಎಂದೂ ಹೇಳಿದರು.

ಲಗ್ನಪತ್ರಿಕೆಯಿಂದ ಹೃದಯವನ್ನು ಕತ್ತರಿಸುವ ಕ್ರಮವನ್ನು ನಾನು ಹತ್ತಿರದಿಂದ ಕಂಡಿರುವೆನು. ಕೆಂಪು ದಪ್ಪ ಕಾಗದವನ್ನು ಉದ್ದಕ್ಕೆ ಮಡಚಿ, ಮಡಿಕೆಯ ಕಡೆಯಿಂದ ಅರ್ಧ ವೀಳೆಯದೆಲೆಯ ಆಕಾರವನ್ನು ಪೆನ್ಸಿಲಿನಲ್ಲಿ ತೀಡಿ, ಕತ್ತರಿಯನ್ನು ಅಲುಗಿಸದೆ ಕಾಗದವನ್ನೇ ತಿರುಗಿಸುತ್ತ ಕತ್ತರಿಸಿ ಬಿಡಿಸಿದರೆ ಪೂರ್ಣಹೃದಯ. "ಕತ್ತರಿ ತಿರುಗಿಸಬಾರದು, ಹಾಳಿ ತಿರುಗಿಸಬೇಕು" ಎಂಬುದು ಗುರೂಪದೇಶ. ಅಂಟಿಗೆ ಮೈದಾಹಿಟ್ಟಿನ ಗಂಜಿ. ಪುಸ್ತಕ ಕಟ್ಟುವವರು ಅದಕ್ಕೆ ಹುಳು ಬೀಳದಂತೆ ಮೈಲುತುತ್ತವನ್ನು ಬೆರೆಸುವರಾದರೂ, ಊಟದ ಮೇಜಿಗೆ ವಿಷವು ವರ್ಜ್ಯವಾದುದರಿಂದ ಇಲ್ಲಿ ಚಿಟಿಕೆ ಅರಿಷಿಣ. ಆದರೆ ಪ್ರತಿಯೊಂದು ಪತ್ರಿಕೆಯ ನೆತ್ತಿಯ ಮೇಲೂ ಗಣಪತಿಯುಂಟಲ್ಲ! ಅವನಿಗೆ ಕತ್ತರಿ ತಗುಲಿಸುವಂತಿಲ್ಲ; ರದ್ದಿಗೆ ಹಾಕುವಂತಿಲ್ಲ. ಆದಕಾರಣ ಕಾಕಾ ಮೊದಲು ಗಣಪತಿಯನ್ನು ಚೌಕವಾಗಿ ಬಿಡಿಸಿ ಬೇರೊಂದು ಡಬ್ಬಿಯಲ್ಲಿಡುವರು. ಅಷ್ಟವಿನಾಯಕರಲ್ಲೊಬ್ಬನಾದ ರಾಂಜಣಗಾವಿನ ಮಹಾಗಣಪತಿಯು ಇದೇ ತಾಲೂಕಿನಲ್ಲಿ ಒಬ್ಬನೇ ಕುಳಿತಿರಲಾಗಿ, ಕಾಕಾ ಅವರ ಡಬ್ಬಿಯಲ್ಲಿ, ನಾನು ಎಣಿಸಿದ ದಿನ, 308 ಗಣಪತಿಗಳಿದ್ದರು.

ದೇವರಿರುವ ಮೇಲ್ಭಾಗವು ಹೀಗೆ ವಿನಿಯೋಗವಾದ ಮೇಲೆ ಹೃದಯಕ್ಕೆ ಉಳಿಯುವುದು ಪತ್ರಿಕೆಯ ಕೆಳಭಾಗ. ಅಲ್ಲಿ ಅಚ್ಚಾಗಿರುವುದೇನೆಂಬುದು ಲೋಕವಿದಿತ. ಪರಿಣಾಮವಾಗಿ, ಮುಂದೆ ಕೆಂಪಾಗಿ ಹೊಳೆಯುವ ಹೃದಯಗಳಲ್ಲಿ ಒಂದರ ಬೆನ್ನಿನ ಮೇಲೆ 'ಕೃಪಯಾ ಆಹೇರ ಆಣೂ ನಯೇ', ಅಂದರೆ ದಯವಿಟ್ಟು ಮುಯ್ಯಿ ತರಬೇಡಿರಿ, ಎಂದೂ, ಮತ್ತೊಂದರ ಬೆನ್ನಿನ ಮೇಲೆ ಚಿಕ್ಕಮಕ್ಕಳ ಹೆಸರಿನಲ್ಲಿ 'ನಮ್ಮ ಮಾಮನ ಮದುವೆಗೆ ಬರಬೇಕು ಹ್ಞಾಂ!' ಎಂದೂ, ಮೂರನೆಯದರ ಮೇಲೆ 'ಊಟದ ಸಮಯ ಮಧ್ಯಾಹ್ನ 12ರಿಂದ' ಎಂದೂ ಇದ್ದಿತು.

ಹೂವುಗಳ ಕಥೆಯೇ ಬೇರೆ. ಇದೇ ಪುಣೆ ಜಿಲ್ಲೆಯ ಮಾವಳದ ಪಾಲಿಹೌಸುಗಳಲ್ಲಿ ಬೆಳೆಯುವ 'ಟಾಪ್ ಸೀಕ್ರೆಟ್' ಎಂಬ ಕೆಂಗುಲಾಬಿಯು ಈ ದಿನಕ್ಕೆಂದೇ ವಿಮಾನವೇರಿ ವಿದೇಶಕ್ಕೆ ಹೋಗುವುದಾದುದರಿಂದ, ಸ್ವದೇಶದ ಪ್ರೇಮಿಗಳಿಗೆ ಉಳಿಯುವ ಗುಲಾಬಿಯ ಬೆಲೆಯು ಫೆಬ್ರವರಿಯಲ್ಲಿ ಗಗನದಲ್ಲಿರುವುದು. ಕಾಕಾ ಮೊಟ್ಟೆಯ ಟ್ರೇಯಿಂದ ಗುಲಾಬಿ ಮಾಡುವೆನೆಂದರು. ಕಾಗದದ ತಿರುಳಿನ ಆ ಟ್ರೇಯ ಬಟ್ಟಲುಗಳನ್ನು ಒಂದೊಂದಾಗಿ ಬಿಡಿಸಿ, ಅಂಚನ್ನು ನಾಲ್ಕು ಎಸಳಾಗಿ ಕತ್ತರಿಸಿ, ತುಸು ನೀರು ಚಿಮುಕಿಸಿ ಹೊರಕ್ಕೆ ಬಾಗಿಸಿ, ಬಟ್ಟಲೊಳಗೆ ಬಟ್ಟಲನ್ನಿಟ್ಟರೆ ನಿಜಕ್ಕೂ ಗುಲಾಬಿಯ ಭ್ರಾಂತಿ ಹುಟ್ಟುತ್ತದೆ. ಕಷ್ಟವೆಂದರೆ ಅವರದು ಪರಮ ಶಾಕಾಹಾರಿ ಲಿಂಗವಂತರ ಮನೆ. ಕತ್ತಲಾದ ಮೇಲೆ ಮೂಲೆಯ ಆಮ್ಲೆಟ್ ಗಾಡಿಯವನ ಹತ್ತಿರ ಹೋಗಿ, ಖಾಲಿ ಟ್ರೇಗಳನ್ನು 'ಸಕಾಳ' ಪತ್ರಿಕೆಯಲ್ಲಿ ಸುತ್ತಿ, ಕಂಕುಳಲ್ಲಿ ಅವುಚಿಕೊಂಡು, ಸಾರಾಯಿ ತರುವವರು ಬರುವ ಹಾಗೆ ಗೋಡೆಯ ನೆರಳಿನಲ್ಲಿ ಅವರು ಬಂದುದನ್ನು ನಾನು ಕಂಡೆನು. ಕಂಡೆನೆಂಬುದನ್ನು ಅವರೂ ಕಂಡರು. ಬಣ್ಣಕ್ಕೆ ಬೀಟ್‌ರೂಟ್ ಬೇಯಿಸಿದ ನೀರು. ಅದು ಮೊದಲ ದಿನ ಕಡುಗೆಂಪು, ಮೂರನೆಯ ದಿನ ನಸುಗೆಂಪು, 14 ರಂದು ಇಟ್ಟಂಗಿಯ ಬಣ್ಣ. "ಖರೇ ಗುಲಾಬಿನೂ ಬಾಡ್ತಾವಲ್ಲೋ ತಮ್ಮಾ" ಎಂದು ಕಾಕಾ ವಾಸ್ತವವಾದವನ್ನು ಎತ್ತಿಹಿಡಿದರು.

ದೀಪಗಳು ಕಾಫಿಪುಡಿಯ ಖಾಲಿ ಸೀಸೆಗಳಲ್ಲಿ: ಮುಕ್ಕಾಲು ನೀರು, ಮೇಲೆ ಎರಡು ಬೆರಳು ಎಣ್ಣೆ, ಹಳೆಯ ತಾಮ್ರದ ತಂತಿಯ ಸುರುಳಿಯಲ್ಲಿ ಹತ್ತಿಯ ಬತ್ತಿ. ಎಣ್ಣೆಯು ಸಂಕ್ರಾಂತಿಯಿಂದೀಚೆಗೆ ಕರಿದು ಉಳಿದುದು.

ಮೇಜಿನ ನಡುವೆ ಹಾಸುವ ಪಟ್ಟಿಗೆ ಕಾಕಾ ಟ್ರಂಕಿನ ತಳದಿಂದ ಇಳಕಲ್ಲ ಸೀರೆಯೊಂದರ ಸೆರಗನ್ನು ತೆಗೆದರು. ಕೆಂಪು ನೆಲದ ಮೇಲೆ ಬಿಳಿಯ ತೆನೆಯ ಟೋಪ್ ತೆನಿ ಸೆರಗು. ಒಡಲು ಎಂದೋ ಸವೆದು ಕೌದಿಯಾಗಿ, ಆ ಕೌದಿಯೂ ಸವೆದು ಒರಸುವ ಬಟ್ಟೆಯಾಗಿ, ಸೆರಗೊಂದು ಮಾತ್ರ ಮಡಿಕೆಯಲ್ಲಿ ಬೇವಿನ ಎಲೆಯೊಡನೆ ಉಳಿದಿತ್ತು. ಕಾಕಾ ಅವರ ಪತ್ನಿ ಕಾಕು ಅದನ್ನು ಗುರುತಿಸಿ, "ಇದು ನನ್ನ ಲಗ್ನದ ಸೀರಿ ಅಲ್ಲೇನ್ರಿ? ಇದನ್ನ ಯಾವಾಗ ತಗದಿಟ್ಟಿದ್ರಿ?" ಎಂದು ಕೇಳಿದರು. ಕಾಕಾ ಕತ್ತರಿ ಎಲ್ಲಿ ಹೋಯಿತೆಂದು ಹುಡುಕತೊಡಗಿದರು. ಅದು ಅವರ ಕೈಯಲ್ಲಿಯೇ ಇತ್ತು. ಕಾಕು ನನ್ನ ಕಡೆ ತಿರುಗಿ, "ಈ ಮನ್ಯಾಗ ಏನೂ ಒಗ್ಯಾಂಗಿಲ್ರಿ. ಅದಕ್ಕ ನಾನೂ ಉಳಕೊಂಡೀನಿ" ಎಂದು ಹೇಳಿ ರೊಟ್ಟಿ ಬಡಿಯಲು ಒಳಗೆ ಹೋದರು.

14 ರ ರಾತ್ರಿ ಎಂಟು ಗಂಟೆಗೆ ನನಗೂ ಕರೆ ಬಂದಿತು. ಇಬ್ಬರಿಗೆ ಏಕಾಂತವೆಂದು ಯೋಜಿತವಾದ ಭೋಜನಕ್ಕೆ, ತಮ್ಮ ಕೃತಿಗಳಿಗೆ ಬೆಂಕಿ ತಗುಲದಂತೆ ಕಾಯುವ ನೆಪದಲ್ಲಿ ಕಾಕಾ, ಬಡಿಸುವ ನೆಪದಲ್ಲಿ ಕಾಕು, ಯಾವ ನೆಪವೂ ಇಲ್ಲದೆ ನಾನು, ಹೀಗೆ ಪ್ರೇಮಿಗಳಿಬ್ಬರಿಗೆ ಪ್ರೇಕ್ಷಕರು ಮೂವರಾದೆವು. ಆ ಮೇಜಿನ ವಿಷಯವನ್ನು ಇಲ್ಲಿ ಹೇಳಬೇಕು. ಅದು ಹಳೆಯ ಹೊಲಿಗೆ ಯಂತ್ರದ ಬೀಡುಕಬ್ಬಿಣದ ಕಾಲಿನ ಮೇಲೆ ಊರಿನ ಮನೆಯ ಬಾಗಿಲ ಪಡಕೊಂದನ್ನು ಕೂರಿಸಿ ಕಾಕಾ ಸಿದ್ಧಪಡಿಸಿದುದು. ಕೆಳಗಿನ ಪೆಡಲನ್ನು, ಮುಂದೆಂದಾದರೂ ಉಪಯೋಗಕ್ಕೆ ಬಂದೀತೆಂದು, ತೆಗೆದಿರಲಿಲ್ಲ. ತಂದೆತಾಯಿಗಳ ಎದುರಿಗೆ ಹೆಂಡತಿಗೆ ಕಾಗದದ ಹೃದಯವನ್ನು ಕೊಡಬೇಕಾದ ಪುತ್ರನು ಸಂಕೋಚದಿಂದ ಬೆವರುತ್ತ, ತನಗರಿವಿಲ್ಲದೆಯೇ ಕಾಲಿನಿಂದ ಪೆಡಲನ್ನು ತುಳಿಯತೊಡಗಿದನು. ಚಕ್ರ ತಿರುಗಿತು, ಮೇಜು ಗಡಗಡನೆ ನಡುಗಿತು, ಸೀಸೆಗಳಲ್ಲಿ ಜ್ವಾಲೆಗಳು ನರ್ತಿಸಿದವು, ಇಟ್ಟಂಗಿ ಬಣ್ಣದ ಗುಲಾಬಿಯೊಂದು ಉರುಳಿ ಜುಣಕದ ಬೋಗುಣಿಯಲ್ಲಿ ಬಿದ್ದಿತು. ಎಣ್ಣೆ ಕಾದಂತೆಲ್ಲ ಕೋಣೆಯ ತುಂಬ ಮಿರ್ಚಿಭಜಿಯ ಘಮಘಮ ಹಬ್ಬಿ, ಮೇಲಿನ ಮಹಡಿಯ ಮರಾಠಿ ಬಾಯಿಯೊಬ್ಬರು ಏನು ವಿಶೇಷವೆಂದು ಕೇಳಿಕೊಂಡು ಬಂದೇಬಿಟ್ಟರು. ಸೊಸೆಯು ತನಗೆ ದತ್ತವಾದ ಹೃದಯವನ್ನು ತಿರುಗಿಸಿ ನೋಡಿದಳು. 'ದಯವಿಟ್ಟು ಮುಯ್ಯಿ ತರಬೇಡಿರಿ.' ಅವಳು ನಕ್ಕ ನಗೆಯು ಹತ್ತು ದಿನದಿಂದ ತಡೆಹಿಡಿದುದಾಗಿದ್ದಿರಬೇಕು, ನಿಲ್ಲಲೇ ಇಲ್ಲ. ಕಾಕಾ ಅದನ್ನು ಪ್ರಶಂಸೆಯೆಂದೇ ತಿಳಿದು, "ಸಾವಕಾಶ ಹಿಡೀವಾ, ಮುಂದಿನ ವರ್ಷಕ್ಕ ಬೇಕಾಗ್ತದ" ಎಂದರು.

ಒಟ್ಟು ವೆಚ್ಚ, ಕರೆಂಟು ಬಿಲ್ಲಿನ ಬೆನ್ನ ಮೇಲೆ ಕಾಕಾ ಬರೆದಿಟ್ಟಂತೆ, 17 ರೂಪಾಯಿ; ಅದರಲ್ಲಿ 10 ರೂಪಾಯಿ ಆಮ್ಲೆಟ್ ಗಾಡಿಯವನಿಗೆ ಸಂದಿದ್ದು 'ಇತರೆ' ಎಂಬ ಶಿರೋನಾಮೆಯಲ್ಲಿದೆ.

ಹೃದಯಗಳ ಪೈಕಿ ಮೂರಕ್ಕೆ ಎಣ್ಣೆ ತಗುಲಿ ಅವು ಕೆಲಸಕ್ಕೆ ಬಾರದಾಗಿರುವುದರಿಂದ, ಶಿರೂರು ರಾಂಜಣಗಾವಿನ ಕಡೆಯ ಕನ್ನಡ ಬಂಧುಗಳಲ್ಲಿ ನನ್ನದೊಂದು ವಿನಂತಿ. ವೈಶಾಖದ ಮುಹೂರ್ತಗಳೆಲ್ಲ ಮುಗಿದ ಮೇಲೆ ನಿಮ್ಮಲ್ಲಿ ಉಳಿಯುವ ಲಗ್ನಪತ್ರಿಕೆಗಳಲ್ಲಿ ಕೆಂಪು ಬಣ್ಣದವನ್ನು ದಯವಿಟ್ಟು ರದ್ದಿಗೆ ಹಾಕಬೇಡಿರಿ. ಕಾಕಾ ತಾವೇ ಚೀಲ ಹಿಡಿದು ಬಂದು ಒಯ್ಯುವರು. ಗಣಪತಿಯನ್ನು ಮಾತ್ರ ನೀವೇ ಬಿಡಿಸಿ ಇಟ್ಟುಕೊಳ್ಳಿರಿ. ಅವರ ಮನೆಯಲ್ಲಿ ಇನ್ನು ಜಾಗವಿಲ್ಲ.