ನವಿಲಿಗೆ ಕೋಟೆ, ನಂಗ ಗೋಣಿಚೀಲ

ಆ ವಿಡಿಯೊ ನೋಡದವರು ಯಾರೂ ಉಳಿದಿಲ್ಲವಾದ್ದರಿಂದ ಪೀಠಿಕೆ ಬೇಡ. ಗೋವಿನಜೋಳದ ರೈತರ ಧರಣಿಯನ್ನು ಅರ್ಧ ನಿಮಿಷಕ್ಕೆ ಮುಗಿಸಿದ ಟಿ.ವಿ.ಗಳು ಬಂಕಾಪುರದ ಬೆಕ್ಕು ಗಿರ್ಮಿಟ್ ತಿನ್ನುವುದನ್ನು ದಿನವಿಡೀ ತೋರಿಸಿದವು. ನಾವು ಮಾತ್ರ ಹಿಂದೆ ಬೀಳುವುದು ಚೆಂದವಲ್ಲ ಎಂದು ಸಂಪಾದಕರು ನನ್ನನ್ನು ಓಡಿಸಿದರು.

ಬೆಕ್ಕು ಚಹಾದಂಗಡಿಯ ಮುಂದೆ ಖಾಲಿ ಗೋಣಿಚೀಲದ ಮೇಲೆ ಕೂತು ಊಟಕ್ಕೆ ತೊಡಗಿತ್ತು. ಎದುರಿಗೆ ಪೇಪರಿನ ಮೇಲೆ ಗಿರ್ಮಿಟ್. ಮಂಡಕ್ಕಿಗೆ ಹತ್ತಿದ ಎಣ್ಣೆಯನ್ನು ಮೊದಲು ನೆಕ್ಕುವುದು, ಆಮೇಲೆ ಕಾಳನ್ನು ಅಗಿಯುವುದು; ಉಳ್ಳಾಗಡ್ಡಿ ಚೂರು ಬಂದರೆ ಮುಂಗಾಲಿನಿಂದ ಬದಿಗೆ ಸರಿಸುವುದು; ಹಸಿಮೆಣಸಿನಕಾಯಿ ಕಂಡರೆ ಮೂಗು ಹಿಂದಕ್ಕೆಳೆದುಕೊಂಡು ಇನ್ನೊಂದು ಕಡೆಯಿಂದ ಶುರು ಮಾಡುವುದು. ಮೊಬೈಲ್ ಹಿಡಿದ ಹುಡುಗರು ಸುತ್ತ ನಿಂತಿದ್ದರು. ಬೆಕ್ಕು ಅವರ ಕಡೆ ತಿರುಗಿಯೂ ನೋಡಲಿಲ್ಲ.

ನಾನು: ಅಕ್ಕಾರೇ, ಬೆಕ್ಕಾಗಿ ಹುಟ್ಟಿ ಗಿರ್ಮಿಟ್ ಯಾಕೆ? ಹಾಲಿಲ್ಲವೇ?

ಬೆಕ್ಕು: ಹಾಲಂದ್ರಿ? ಯಾವ ಮನ್ಯಾಗ ಐತ್ರಿ ಹಾಲು? ಕರದದ್ದು ಕರದಂಗ ಕ್ಯಾನಿನ್ಯಾಗ ಡೇರಿಗೆ ಹೊಕ್ಕೈತಿ, ಪಾಕೀಟಾಗಿ ತಿರುಗಿ ಬರ್ತೈತಿ. 2024ರಾಗ ಪಾಕೀಟಿಗೆ 50 ಎಂಎಲ್ ಹೆಚ್ಚಿಗಿ ಹಾಕಿ ಎರಡು ರೂಪಾಯಿ ಏರಿಸಿದ್ರು. ಆ ಐವತ್ತು ಎಂಎಲ್ ನಮ್ಮ ಪಾಲಿಂದು ಅಂತ ನಾ ತಿಳ್ಕೊಂಡಿದ್ದೆ. ಮರುವರ್ಷ ಏಪ್ರಿಲ್‌ನಾಗ ಅದನ್ನೂ ತಗದು, ಲೀಟರಿಗೆ ನಾಕು ರೂಪಾಯಿ ಏರಿಸಿದ್ರು. ಹೋಗ್ಲಿ ಬಿಡ್ರಿ, ದೊಡ್ಡ ಬೆಕ್ಕಿಗೆ ಹಾಲು ಆಗಿಬರೂದಿಲ್ಲ. ಮರಿ ಇದ್ದಾಗ ಅರಗ್ತೈತಿ, ಬೆಳದ ಮ್ಯಾಲ ಹಾಲಿನೊಳಗಿನ ಸಕ್ಕರಿ ಅರಗಿಸೋ ಶಕ್ತಿ ಕಡಿಮಿ ಆಕ್ಕೈತಿ. ಬಟ್ಟಲ ತುಂಬ ಕುಡದ್ರ ಹೊಟ್ಟಿ ಕೆಡ್ತೈತಿ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿತೈತಿ ಅಂತ ಗಾದಿ ಮಾಡೀರಲ್ಲ, ಮುಂದ ಆಗೂದು ಗೊತ್ತಿದ್ದಕ್ಕ ಕಣ್ಣು ಮುಚ್ಚೂದು.

ನಾನು: ತೆನಾಲಿ ರಾಮ ನಿಮ್ಮವರೊಬ್ಬರಿಗೆ ಕುದಿಯುವ ಹಾಲಿಟ್ಟು, ಜನ್ಮಪೂರ್ತಿ ಹಾಲಿನ ಹೆಸರಿಗೇ ಹೆದರುವಂತೆ ಮಾಡಿದನಂತೆ. ಆ ಬಗ್ಗೆ ಸಿಟ್ಟಿಲ್ಲವೇ?

ಬೆಕ್ಕು: ಹಳೇ ಕೇಸದು. ನವಿಲಿನ ಸುದ್ದಿ ಕೇಳ್ರಿ.

ನಾನು: ದಾರಿಗೆ ಅಡ್ಡ ಬಂದರೆ ಅಪಶಕುನ ಅನ್ನುತ್ತಾರಲ್ಲ?

ಬೆಕ್ಕು: ಅನ್ನವಲ್ರಾಕ. ಹೆದ್ದಾರಿ ದಾಟೋ ಬೆಕ್ಕಿಗೆ ಲಾರಿನ ಅಪಶಕುನ. ನವಿಲಿನ ಸುದ್ದಿಗೆ ಬರೂಣು.

ನಾನು: ಸರಿ, ಬನ್ನಿ.

ಬೆಕ್ಕು: ನಮ್ಮೂರ ಕ್ವಾಟಿಯೊಳಗ 139 ಎಕರೆ ಜಾಗ ಐತ್ರಿ. ಹಿಂದ ಅಲ್ಲಿ ಖಿಲಾರಿ ದನ ಸಾಕಾಕತ್ರು, ಅದಕ್ಕ ನಂದೇನೂ ತಕರಾರಿಲ್ಲ. ಎತ್ತು ದುಡೀತೈತಿ. ಆದ್ರ 2006ರಾಗ ಅದನ್ನ ನವಿಲುಧಾಮ ಅಂತ ಮಾಡಿದ್ರು. ಯಾಕ? ಬಾಲ ಚೆಂದ ಐತಿ ಅಂತ! 1963ರಾಗ ರಾಷ್ಟ್ರಪಕ್ಷಿ ಅಂದ್ರು. 1972ರ ಕಾಯ್ದೇದಾಗ ಮೊದಲನೇ ಪಟ್ಟಿಗೆ ಹಾಕಿದ್ರು, ಮೈ ಮುಟ್ಟಿದ್ರ ಜೈಲು. ಆ ದೊರಿ ಮುಂಜಾನೆದ್ದು ಕ್ವಾಟಿ ಗ್ವಾಡಿ ಹಾರಿ ಹೊಲಕ್ಕ ಬರ್ತಾನ. ಬಿತ್ತಿದ ಬೀಜ ಹೆಕ್ಕತಾನ, ಮೊಳಕಿ ಚಿವುಟತಾನ, ಮೆಣಸಿನಕಾಯಿ ಹಣ್ಣಾದ್ರ ಅದನ್ನೂ ನುಂಗ್ತಾನ. ಹೊಲದವ ‘ಹುಶ್’ ಅನ್ನಬೇಕು, ಅದೂ ಮರ್ಯಾದಿಂದ. ಸಂಜಿಗೆ ವಾಪಸ್ ಹೋಗಿ ಗರಿ ಬಿಚ್ಚಿದ್ರ ಹುಬ್ಬಳ್ಳಿಯಿಂದ ಬಂದ ಮಂದಿ ‘ಅಯ್ಯೊ, ಎಷ್ಟು ಚೆಂದ’ ಅಂತಾರ. ನಾ ಇಡೀ ರಾತ್ರಿ ಇಲಿ ಕಾಯ್ತೇನಿ. ನಂಗೇನೈತಿ? ಈ ಗೋಣಿಚೀಲ. ಅದೂ ಅಂಗಡಿಯವಂದು.

ನಾನು: ಕೋಟೆ ಎಂದಿರಿ, ಒಳ್ಳೆಯದಾಯಿತು. ರಾಷ್ಟ್ರಕೂಟ ಅಮೋಘವರ್ಷನ ದಂಡನಾಯಕ ಬಂಕೇಯನ ಹೆಸರಿನ ಊರು ನಿಮ್ಮದು. ಅವನ ವಂಶದ ಲೋಕಾದಿತ್ಯ ಇಲ್ಲಿಂದ ಬನವಾಸಿ ನಾಡನ್ನು ಆಳುತ್ತಿದ್ದಾಗ, ಶಕವರ್ಷ 820ರಲ್ಲಿ, ಅಂದರೆ ಕ್ರಿ.ಶ. 898ರಲ್ಲಿ, ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಪೂಜೆ ನಡೆದದ್ದು ಈ ಊರಲ್ಲಿ. ಮುಂದೆ ರನ್ನನ ಗುರು ಅಜಿತಸೇನಾಚಾರ್ಯರು ಇದ್ದದ್ದೂ ಇಲ್ಲೇ. ಕೋಟೆಯೊಳಗೆ ಅರವತ್ತು ಕಂಬದ ನಾಗರೇಶ್ವರ ಗುಡಿ ಇದೆ, ಒಂದೊಂದು ಕಂಬವೂ ಕಡೆದಿಟ್ಟ ಹಾಗಿದೆ. ಹೆದ್ದಾರಿ ಪಕ್ಕದಲ್ಲೇ ಹಾದುಹೋದರೂ ಧಾಬಾ ಕಂಡಲ್ಲಿ ನಿಲ್ಲುವ ಕಾರು ಗುಡಿಯ ಕಡೆ ತಿರುಗುವುದಿಲ್ಲ. ಹಂಪಿಗೆ, ಬಾದಾಮಿಗೆ ಹೋಗುವವರು...

ಬೆಕ್ಕು: ಇದರಾಗ ಪ್ರಶ್ನೆ ಎಲ್ಲೈತ್ರಿ ಸರ್ರ?

ನಾನು: ಬರುತ್ತದೆ. ಆ ಗುಡಿಗೆ ನೀವು ಹೋಗಿದ್ದೀರಾ?

ಬೆಕ್ಕು: ಹೋಗಿದ್ದೆ. ಅರವತ್ತನೇ ಕಂಬದ ಹಿಂದ ನವಿಲು ನಿಂತಿತ್ತು. ತಿರುಗಿ ಬಂದೆ.

ನಾನು: ಇರಲಿ, ಆಹಾರಕ್ಕೇ ಬರೋಣ. ಧಾರವಾಡ ಪೇಡಾದ ಮೇಲೆ ನಿಮಗೆ ಬಹಳ ಪ್ರೀತಿ ಎಂದು ವಿಡಿಯೊದಲ್ಲಿ ನೋಡಿದೆ. ಆದರೆ ಫಿಲಡೆಲ್ಫಿಯಾದ ಮೊನೆಲ್ ಸಂಸ್ಥೆಯವರು 2005ರಲ್ಲಿ ಬೇರೆಯದೇ ಹೇಳಿದ್ದಾರೆ. ಸಿಹಿ ಗುರುತಿಸುವ ನಾಲಿಗೆಯ ಜೀನು ನಿಮ್ಮ ಕುಲದಲ್ಲೇ ಕೆಟ್ಟು ಕೂತಿದೆಯಂತೆ. ಸಿಹಿ ಗೊತ್ತೇ ಆಗದವರಿಗೆ ಪೇಡಾ ಯಾಕೆ?

ಬೆಕ್ಕು: ಸಿಹಿ ಯಾರಿಗೆ ಬೇಕ್ರಿ? ಖವಾದಾಗ ಜಿಡ್ಡು ಐತಿ, ಹಾಲಿನ ಸಾರ ಐತಿ, ಅದರ ವಾಸನಿಗೆ ನಾ ಹೋಗೂದು. ಮಿರ್ಚಿ ಬಜ್ಜಿನೂ ಹಂಗ. ಮ್ಯಾಲಿನ ಹಿಟ್ಟು, ಎಣ್ಣಿ ನಂದು. ಒಳಗಿನ ಮಿರ್ಚಿ ನಿಮ್ಮದು. ಖಾರ ನಮಗೂ ನಿಮ್ಮಂಗ ಉರೀತೈತಿ. ಉರೀಲಾರದ್ದು ಯಾರಿಗೆ ಗೊತ್ತೇನ್ರಿ? ಹಕ್ಕಿಗೆ! ಹಕ್ಕಿ ಜಾತಿಗೆ ಖಾರ ಹತ್ತೂದ ಇಲ್ಲ. ಅದಕ್ಕ ನವಿಲು ಬ್ಯಾಡಗಿ ಮೆಣಸಿನಕಾಯಿ ನುಂಗಿ ಹಾ ಅನ್ನೂದಿಲ್ಲ, ಹೂ ಅನ್ನೂದಿಲ್ಲ. ದೇವರೂ ಅವನ ಕಡೆನ ಅದಾನ.

ನಾನು: ಉಳ್ಳಾಗಡ್ಡಿ ಮಾತ್ರ ಸರಿಸುತ್ತಿದ್ದಿರಿ?

ಬೆಕ್ಕು: ಬರ್ಕೊಳ್ರಿ ಇದನ್ನ, ರೀಲ್ ಮಾಡೋ ಹುಡುಗರು ಓದ್ಲಿ. ಉಳ್ಳಾಗಡ್ಡಿ, ಬಳ್ಳೊಳ್ಳಿ ಬೆಕ್ಕಿನ ರಕ್ತದ ಕೆಂಪು ಕಣ ಒಡೀತಾವ. ಹಸಿದಾದ್ರೂ ಅಷ್ಟ, ಬೇಯಿಸಿದ್ದಾದ್ರೂ ಅಷ್ಟ. ಚಾಕೊಲೇಟೂ ವಿಷ. ‘ನಮ್ಮ ಬೆಕ್ಕು ಎಲ್ಲಾ ತಿಂತೈತಿ’ ಅಂತ ಹೆಮ್ಮಿಂದ ಸಾರು-ಅನ್ನ ಇಡ್ತಾರ, ಬೆಕ್ಕು ಸೋತು ಮಲಗಿದ್ರ ‘ದೃಷ್ಟಿ ಆಗೈತಿ’ ಅಂತ ನೀವಾಳಿಸ್ತಾರ. ನಾವು ಮಾಂಸದ ಜಾತಿ ರೀ. ಟೌರಿನ್ ಅಂತ ಒಂದು ಸತ್ವ ಐತಿ, ಅದು ಮಾಂಸದಾಗ ಸಿಗೂದು. ಇಲ್ಲಂದ್ರ ನಮ್ಮ ಕಣ್ಣು ಹೋಗ್ತಾವ, ಎದಿ ಸೋಲ್ತೈತಿ. ಗಿರ್ಮಿಟ್ ನಂಗ ಬಾಯಿ ಚಪಲ, ಹೊಟ್ಟಿಗಲ್ಲ.

ನಾನು: ಬೆಂಗಳೂರಿನಲ್ಲಿ ನಮ್ಮ ಬಂಧುಗಳ ಮನೆಯ ಬೆಕ್ಕು ಇಂಥದ್ದೇನನ್ನೂ ಮೂಸುವುದಿಲ್ಲ. ಅದಕ್ಕೆ ಪಾಕೀಟಿನ ಆಹಾರವೇ ಆಗಬೇಕು. ಶುದ್ಧ ಮೀನು.

ಬೆಕ್ಕು: ಮೀನಿನ ಚಿತ್ರ ಅಂದ್ರಿ?

ನಾನು: ಚಿತ್ರವೂ ಇದೆ.

ಬೆಕ್ಕು: ಪಾಕೀಟಿನ ಹಿಂದ ಸಣ್ಣ ಅಕ್ಷರ ಇರ್ತಾವ, ಅದನ್ನ ಓದ್ರಿ. ಅಂಥ ಒಣ ಕಾಳಿನ ಪಾಕೀಟು ಬಾಳ ಕಂಪನಿಯವು ಮೆಕ್ಕೆಜೋಳದ ಮ್ಯಾಲ ನಿಂತಾವ. ಜೋಳ, ಜೋಳದ ಅಂಟು, ಅಕ್ಕಿ. ಆಮ್ಯಾಲ ಮೀನಿನ ಪುಡಿ. ಮುಂದ ಮೀನಿನ ಚಿತ್ರ, ಒಳಗ ಗೋವಿನಜೋಳ. ಹಳ್ಳಿ ಬೆಕ್ಕು ಮಂಡಕ್ಕಿ ತಿಂದ್ರ ವಿಚಿತ್ರ, ಪ್ಯಾಟಿ ಬೆಕ್ಕು ಜೋಳ ತಿಂದ್ರ ಶ್ರೀಮಂತಿಕಿ.

ನಾನು: ಗೋವಿನಜೋಳ ಎಂದಿರಿ, ಒಂದು ಸ್ವಾರಸ್ಯ ಕೇಳಿ. ಹದಿಮೂರನೇ ಶತಮಾನದ ಸೋಮನಾಥಪುರದ ಶಿಲ್ಪಗಳ ಕೈಯಲ್ಲಿರುವುದು ಗೋವಿನಜೋಳದ ತೆನೆ ಎಂದು ಕಾರ್ಲ್ ಜೋಹಾನ್ಸೆನ್ ಎಂಬ ಅಮೆರಿಕದ ಭೂಗೋಳ ವಿದ್ವಾಂಸರು 1989ರಲ್ಲಿ ವಾದಿಸಿದರು. ಕೊಲಂಬಸ್ ಅಮೆರಿಕ ಕಾಣುವ ಮೊದಲೇ ಅಲ್ಲಿಯ ಬೆಳೆ ಕನ್ನಡನಾಡಿನಲ್ಲಿ ಇತ್ತೇ ಎಂದು ದೊಡ್ಡ ಗದ್ದಲವಾಯಿತು. ನಮ್ಮ ಕೃಷಿ ವಿಜ್ಞಾನಿಗಳು ‘ಅದು ಜೋಳವಲ್ಲ, ಮುತ್ತಿನ ಕಾಲ್ಪನಿಕ ಫಲ’ ಎಂದು ತಳ್ಳಿಹಾಕಿದರು. ನಿಮ್ಮ ಅಭಿಪ್ರಾಯವೇನು? ತೆನೆಯೋ, ಮುತ್ತೋ?

ಬೆಕ್ಕು: ಮುತ್ತಂತ! ಸರ್ರ, ನೀವು ಬರೂವಾಗ ಸರ್ವಿಸ್ ರಸ್ತ್ಯಾಗ ಹರವಿದ್ದನ್ನ ನೋಡಿದ್ರೋ ಇಲ್ಲೋ?

ನಾನು: ನೋಡಿದೆ. ಚೆನ್ನಾಗಿ ಕಾಣುತ್ತಿತ್ತು.

ಬೆಕ್ಕು: ಕಾಣ್ತೈತಿ. ಕ್ವಿಂಟಲ್ಲಿಗೆ 2,400 ರೂಪಾಯಿ ಅಂತ 2025ರಾಗ ಸರಕಾರ ಹೇಳಿತ್ತು. ಬೆಳಿ ಬಂದ ಮ್ಯಾಲ ಪ್ಯಾಟ್ಯಾಗ ಎರಡು ಸಾವಿರನೂ ಮುಟ್ಟಲಿಲ್ಲ. ನಮ್ಮ ಮನಿಯ ರೈತ ಬಿತ್ತಿದಾಗ ಯೂರಿಯಾಕ್ಕ ಪಾಳಿ ಹಚ್ಚಿ ನಿಂತ. ರಾಶಿ ಮಾಡಿದ ಮ್ಯಾಲ ರಸ್ತ್ಯಾಗ ಹರವಿ, ರಾತ್ರಿ ಮಳಿ ಬಂದ್ರ ತಾಡಪಲ್ಲು ಜೋಳಕ್ಕ ಹೊದಿಸಿ ತಾ ತೊಯ್ಸಿಕೊಂಡು ಕುಂತ. ನಾ ಅವನ ಬಾಜೂಕ ಇದ್ದೆ. ಇಲಿ ಬರದಂಗ ನೋಡ್ಕೊಂಡೆ, ಒಂದು ಕಾಳು ಹೋಗಗೊಡಲಿಲ್ಲ. ಪ್ಯಾಟಿಗೆ ಒಯ್ದ್ರ ಒಂದು ಮುಷ್ಟಿ ಕಾಳು ಸಣ್ಣ ಮಷೀನಿನ್ಯಾಗ ಹಾಕಿದ್ರು, ಅಂಕಿ ನೋಡಿದ್ರು, ‘ಹಸಿ ಐತಿ’ ಅಂದ್ರು. ರೇಟು ಇಳೀತು. ಕಾಟಾದ ಮ್ಯಾಲ ಇಟ್ರು, ‘ಸೂಟು’ ಅಂತ ಕ್ವಿಂಟಲ್ಲಿಗೆ ಇಷ್ಟು ಅಂತ ಮುರಕೊಂಡ್ರು. ಯಾಕಂತ ಕೇಳಿದ್ರ ‘ಮೊದಲಿಂದ ಐತಿ’ ಅಂದ್ರು. ಖರೀದಿ ಕೇಂದ್ರ ತೆಗೀರಿ ಅಂದ್ರ ಬೆಂಗಳೂರು ದಿಲ್ಲಿ ಕಡೆ ಬೆರಳು ತೋರಿಸ್ತು, ದಿಲ್ಲಿ ಬೆಂಗಳೂರಿನ ಕಡೆ ತೋರಿಸ್ತು. ಅವ ನಡುವ ನಿಂತಾನ. ಅವಂಗ ಕಿಲೋಕ್ಕ ಇಪ್ಪತ್ತು ರೂಪಾಯಿ ಬರಲಿಲ್ಲ. ನಿಮ್ಮ ಬಂಧುಗಳು ಆ ಮೀನಿನ ಚಿತ್ರದ ಪಾಕೀಟಿಗೆ ಕಿಲೋಕ್ಕ ಎಷ್ಟು ಕೊಡ್ತಾರ?

ನಾನು: ಮುನ್ನೂರು, ನಾನೂರು.

ಬೆಕ್ಕು: ಕೊಡ್ಲಿ. ಬೆಕ್ಕಿಗೆ ಕೊಟ್ರ ನಂಗ ಹೊಟ್ಟಿಕಿಚ್ಚಿಲ್ಲ. ನಡುವಿನ ರೊಕ್ಕ ಯಾರು ತಿಂದ್ರು?

ಅದಕ್ಕೆ ಉತ್ತರ ನನ್ನ ಬಳಿ ಇರಲಿಲ್ಲ, ಕೇಳಬೇಕಾದವರನ್ನು ನಾವು ಕೇಳುವುದೂ ಇಲ್ಲ. ಇದೇ ಜಿಲ್ಲೆಯಲ್ಲಿ 2008ರ ಜೂನ್ 10ರಂದು ಗೊಬ್ಬರ ಕೊಡಿ ಎಂದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಇದೇ ಜಿಲ್ಲೆಯ ಬ್ಯಾಡಗಿ ಮಾರುಕಟ್ಟೆಯಲ್ಲಿ 2024ರ ಮಾರ್ಚ್‌ನಲ್ಲಿ ಮೆಣಸಿನಕಾಯಿ ದರ ಕುಸಿದಾಗ ವಾಹನಗಳಿಗೆ ಬೆಂಕಿ ಬಿತ್ತು. ಬೆಂಕಿ ಬಿದ್ದ ದಿನ ಎಲ್ಲ ಕ್ಯಾಮೆರಾಗಳೂ ಬಂದವು, ಹೊಗೆ ಆರಿದ ಮೇಲೆ ಹೋದವು. ಬೆಂಬಲ ಬೆಲೆ ಎಂದು ಘೋಷಿಸಿ, ಆ ಬೆಲೆಗೆ ಕೊಳ್ಳುವವರನ್ನು ನಿಲ್ಲಿಸದೆ, ಕಾಳು ಮುಗ್ಗುವವರೆಗೆ ಪತ್ರ ಬರೆದುಕೊಂಡು ಕೂರುವುದಕ್ಕೆ ಆಡಳಿತ ಎನ್ನುವುದಿಲ್ಲ. ಬೆಳೆದವನನ್ನು ದಣಿಸಿ ಸೋಲಿಸುವ ಉಪಾಯ ಅದು. ಕೂಡಿಡಲು ಜಾಗವಿಲ್ಲದವನು, ಸಾಲದ ಕಂತು ಎದುರಿಗಿರುವವನು ಹೆಚ್ಚು ದಿನ ಕಾಯಲಾರ ಎಂಬುದು ಬೆಂಗಳೂರಿಗೂ ಗೊತ್ತು, ದಿಲ್ಲಿಗೂ ಗೊತ್ತು, ದಲಾಲಿ ಅಂಗಡಿಗೂ ಗೊತ್ತು.

ಸ್ವಲ್ಪ ಹೊತ್ತು ಇಬ್ಬರೂ ಚಹಾದ ಮುಂದೆ ಸುಮ್ಮನೆ ಕೂತೆವು. ಬೆಕ್ಕು ತನ್ನ ಬಸಿಯಲ್ಲಿ ಬಿಸ್ಕೀಟಿನ ಕೆನೆಯನ್ನಷ್ಟೇ ಮುಟ್ಟಿತು. ಮಾತು ಮತ್ತೆ ಹಳಿಗೆ ಬರಲಿ ಎಂದು ನನಗೆ ತಿಳಿದದ್ದನ್ನೇ ಕೇಳಿದೆ.

ನಾನು: ಅಕ್ಕಾರೇ, 898ರಲ್ಲಿ ನೀವಿದ್ದು, ಗುಣಭದ್ರಾಚಾರ್ಯರು ಎದುರಿಗೆ ಬಂದಿದ್ದರೆ...

ಬೆಕ್ಕು: ಬಂದ್ರೇನ್ರಿ ಮತ್ತ ಅವರು! ಬರ್ಲಿ. ಅವರ ಮುಂದ ಈ ಗಿರ್ಮಿಟ್ ಇಟ್ರ ಏನ ಅಂತಿದ್ರು? ಟೊಮೆಟೊ ನೋಡಿ ‘ಇದೇನು’ ಅಂತಿದ್ರು. ಮೆಣಸಿನಕಾಯಿ ನೋಡಿ ‘ಇದೇನು’ ಅಂತಿದ್ರು. ಶೇಂಗಾ ನೋಡಿ, ಗೋವಿನಜೋಳ ನೋಡಿ ಅದನ್ನ ಕೇಳ್ತಿದ್ರು. ಎಲ್ಲಾ ಸಮುದ್ರ ದಾಟಿ ಆಮ್ಯಾಲ ಬಂದದ್ದು. ಉಳ್ಳಾಗಡ್ಡಿ ಅವರಿಗೆ ಗುರುತು ಸಿಗ್ತಿತ್ತು. ಅದನ್ನ ಅವರೂ ಮುಟ್ಟತಿದ್ದಿಲ್ಲ, ನಾನೂ ಮುಟ್ಟೂದಿಲ್ಲ. ಈ ಊರಾಗ ಆಚಾರ್ಯರ ಸಂಪ್ರದಾಯ ಉಳಿಸಿಕೊಂಡು ಬಂದಾಕಿ ನಾ ಒಬ್ಬಾಕಿನ ನೋಡ್ರಿ!

ನಾನು: ಇದನ್ನು ನಾನು ಯೋಚಿಸಿರಲಿಲ್ಲ.

ಬೆಕ್ಕು: ಯೋಚನಿ ಮಾಡ್ರಿ. ಹೊರಗಿಂದ ಬಂದ ಮೆಣಸಿನಕಾಯಿ ನಿಮ್ಮ ನಾಲಿಗಿಗೆ ಎಷ್ಟು ಹತ್ತಿತಂದ್ರ, 2011ರಾಗ ‘ಬ್ಯಾಡಗಿ’ ಅಂತ ಅದಕ್ಕ ಭೌಗೋಳಿಕ ಗುರುತಿನ ಸರ್ಟಿಫಿಕೇಟ್ ಕೊಡಿಸಿದ್ರಿ. ಮನಷ್ಯಾ ಏನ ತಿಂದ್ರೂ ಅದು ಪರಂಪರಾ. ಬೆಕ್ಕು ಒಂದು ಮಂಡಕ್ಕಿ ತಿಂದ್ರ ಬ್ರೇಕಿಂಗ್ ನ್ಯೂಸ್.

ನಾನು: ಕೊನೆಯ ಪ್ರಶ್ನೆ. ನಾಗರೇಶ್ವರ ಗುಡಿಯ ಪ್ರಚಾರಕ್ಕೆ ನೀವು ರಾಯಭಾರಿಯಾಗುತ್ತೀರಾ? ಅರವತ್ತು ಕಂಬದ ನಡುವೆ ನೀವು ಗಿರ್ಮಿಟ್ ತಿನ್ನುವ ಒಂದು ವಿಡಿಯೊ ಸಾಕು, ಜನ ಬಂದು ಬೀಳುತ್ತಾರೆ.

ಬೆಕ್ಕು: ನವಿಲನ್ನ ಹೊರಗ ಹಾಕಿಸಿದ್ರ ಬರ್ತೇನಿ.

ನಾನು: ಅದು ನನ್ನ ಕೈಯಲ್ಲಿಲ್ಲ.

ಬೆಕ್ಕು: ಹಂಗಾದ್ರ ನಿಮ್ಮ ಕೈಯಾಗ ಇರೂದನ್ನ ಮಾಡ್ರಿ. ಈ ಹುಡುಗರನ್ನೂ, ನಿಮ್ಮ ಟಿ.ವಿ.ಯವರನ್ನೂ ನಾಳೆ ಎಪಿಎಂಸಿಗೆ ಕರಕೊಂಡು ಬರ್ರಿ. ಬೆಕ್ಕು ಏನ ತಿಂತೈತಿ ಅಂತ ನೋಡಿದ್ದು ಸಾಕು. ಕಾಟಾದ ಮುಂದ ಕ್ಯಾಮೆರಾ ಹಿಡೀರಿ, ಯಾರು ಏನ ತಿನ್ನಾಕತ್ತಾರ ಅಂತ ಅಲ್ಲಿ ಕಾಣ್ತೈತಿ.