ಟ್ಯಾಕ್ಸ್ ರಾಯರು

ಮತ್ತೀಕೆರೆಯ ಪಾರ್ಕಿನ ಕಲ್ಲುಬೆಂಚಿನ ಮೇಲೆ ಬೆಳಗ್ಗೆ ಆರೂವರೆಗೇ ಕೂತು ಸರ್ಕಾರದ ಜಮಾ-ಖರ್ಚು ನೋಡುವವರನ್ನು ನಾವು ಟ್ಯಾಕ್ಸ್ ರಾಯರೆಂದೇ ಕರೆಯುವುದು. ನಿಜವಾದ ಹೆಸರು ಅವರ ಗೇಟಿನ ಮೇಲಿದೆ; ಓದಿದವರಿಲ್ಲ.

ರಾಯರ ಸದ್ಯದ ಶತ್ರು ಬೆಂಗಳೂರಿನ ಸಬರ್ಬನ್ ರೈಲು. ನಾಲ್ಕು ಮಾರ್ಗ, 148 ಕಿಲೋಮೀಟರ್, 15,767 ಕೋಟಿ ರೂಪಾಯಿ. ಮಾರ್ಗಗಳಿಗೆ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಹೆಸರಿಟ್ಟಿದ್ದೇ ಅವರಿಗೆ ಅನುಮಾನ. “ಹೂವಿಟ್ಟರು ಅಂದ್ರೆ ಕಿವಿಗೇ ಇಟ್ಟರು ಅಂತ ತಿಳ್ಕೊಳ್ಳಿ.” ಊರಿನ ಜನ ಒಂದೂಕಾಲು ಕೋಟಿ ಎಂದಿಟ್ಟುಕೊಂಡು, ಹಾಲಿನ ಪ್ಯಾಕೆಟ್ಟಿನ ಮೇಲೆ ಭಾಗಾಕಾರ ಮಾಡಿ ತೋರಿಸಿದರು: ತಲೆಗೆ 12,613 ರೂಪಾಯಿ 60 ಪೈಸೆ. ಅವರ ಮನೆಯಲ್ಲಿ ನಾಲ್ಕು ತಲೆ. “ಐವತ್ತು ಸಾವಿರದ ನಾನೂರಾ ಐವತ್ನಾಲ್ಕು ರೂಪಾಯಿ ನಲವತ್ತು ಪೈಸೆ! ನಾನು ಆ ರೈಲು ಹತ್ತೋದೇ ಇಲ್ಲ, ನಾನ್ಯಾಕ್ರೀ ಕೊಡಬೇಕು?”

ಕೇಂದ್ರ ಶೇ. 20, ರಾಜ್ಯ ಶೇ. 20, ಮಿಕ್ಕ 60 ಸಾಲ ಸಾರ್ ಎಂದೆ. ತಪ್ಪಾಯಿತು. ಸಾಲ ಎಂದ ಮೇಲೆ ತೀರಿಸುವವರು ಯಾರು, ಬಡ್ಡಿ ಎಷ್ಟು, ಸಾಲ ಕೊಡುವ ಜರ್ಮನಿ ಬ್ಯಾಂಕಿನವರು ಜಾಮೀನಿಗೆ ಮತ್ತೀಕೆರೆಗೆ ಬರುತ್ತಾರೋ ಎಂದೆಲ್ಲ ಎಂಟು ಗಂಟೆಯಾಯಿತು. ನನ್ನ ಇಡ್ಲಿ ಆರಿಹೋಯಿತು.

ಆಸ್ತಿ ತೆರಿಗೆ ಮಾತ್ರ ರಾಯರು ಏಪ್ರಿಲ್‌ನಲ್ಲೇ ಕಟ್ಟುತ್ತಾರೆ. ದೇಶಪ್ರೇಮವಲ್ಲ, ಶೇ. 5 ರಿಯಾಯಿತಿ. ಅದರಲ್ಲಿ ಗ್ರಂಥಾಲಯದ ಸೆಸ್ಸಿದೆ. ರಾಯರು ಗ್ರಂಥಾಲಯದ ಮೆಟ್ಟಿಲು ಹತ್ತಿದವರಲ್ಲ. ಭಿಕ್ಷುಕರ ಸೆಸ್ಸೂ ಇದೆ. “ಅದಕ್ಕೇ ಕಾಸು ಹಾಕೋದಿಲ್ಲ, ಅಡ್ವಾನ್ಸಾಗಿ ಕೊಟ್ಟಿದೀನಿ” ಎಂದು ಸಿಗ್ನಲ್ಲಿನಲ್ಲಿ ಕೈ ಒಡ್ಡಿದವನಿಗೂ ಹೇಳಿದ್ದಾರಂತೆ.

2016ರಲ್ಲಿ ಉಕ್ಕಿನ ಸೇತುವೆ ‘ಬೇಡ’ ಎಂದು ಜನ ಕೈ ಕೈ ಹಿಡಿದು ನಿಂತಾಗ ರಾಯರೂ ನಿಂತಿದ್ದರು. ಸೇತುವೆ ಹೋಯಿತು. ಅದೇ ವರ್ಷ ಈ ಸಬರ್ಬನ್ ರೈಲಿಗಾಗಿ ‘ಚುಕುಬುಕು ಬೇಕು’ ಎಂದೂ ಜನ ಸೇರಿದರು. ರಾಯರು ‘ಬೇಡ’ಕ್ಕೆ ಹೋಗಿದ್ದರು, ‘ಬೇಕು’ಗೆ ಹೋಗಲಿಲ್ಲ, ಗಂಟಲು ಕೆಟ್ಟಿತ್ತಂತೆ.

ಅವರು ನಿಜವಾಗಿ ಕುಗ್ಗಿದ್ದನ್ನು ನಾನು ನೋಡಿದ್ದು ಒಮ್ಮೆಯೇ. 2025ರ ಬಜೆಟ್ಟಿನಲ್ಲಿ ಹನ್ನೆರಡು ಲಕ್ಷದವರೆಗೆ ಆದಾಯ ತೆರಿಗೆ ಇಲ್ಲವೆಂದರು. ರಾಯರ ಪೆನ್ಷನ್ನು, ಎಫ್‌ಡಿ ಬಡ್ಡಿ ಎಲ್ಲ ಕೂಡಿಸಿದರೂ ಆ ಗೆರೆ ಮುಟ್ಟಲಿಲ್ಲ. ಊರೆಲ್ಲ ಖುಷಿಪಟ್ಟರೆ ರಾಯರು ಒಂದು ವಾರ ಬೆಂಚಿಗೇ ಬರಲಿಲ್ಲ. ನಲವತ್ತು ವರ್ಷದ ಪದವಿ ಹೋದಂತಾಗಿತ್ತು, ಪಾಪ. ಎಂಟನೇ ದಿನ ಕಳೆಗೂಡಿ ಬಂದರು: “ಟೂತ್‌ಪೇಸ್ಟಿಗೆ ಜಿಎಸ್‌ಟಿ ಇದೆ ಕಣ್ರೀ! ಬೆಳಗ್ಗೆ ಬಾಯಿ ತೆಗೆಯೋ ಮುಂಚೇನೇ ಸರ್ಕಾರಕ್ಕೆ ಕೊಟ್ಟಿರ್ತೀನಿ ನಾನು!”

ಈ ಊರಿಗೆ ಸಬರ್ಬನ್ ರೈಲು ಬೇಕೆಂಬ ಮಾತು 1983ರಷ್ಟು ಹಳೆಯದು. 2022ರ ಜೂನ್‌ನಲ್ಲಿ ಪ್ರಧಾನಿ ಶಂಕುಸ್ಥಾಪನೆ ಮಾಡಿ ನಲವತ್ತು ತಿಂಗಳಲ್ಲಿ ಮುಗಿಸುವ ಮಾತಾಡಿದ್ದರು. ಮೊನ್ನೆ ಬೆರಳು ಮಡಿಚಿ ಎಣಿಸಿ, ರಾಯರಿಗೆ ಸಂತೋಷವಾಗಲೆಂದೇ ಹೇಳಿದೆ: “ಸಾರ್, ಗಡುವು 2025ರ ಅಕ್ಟೋಬರಿಗೇ ಮುಗೀತು. ಒಂದು ರೈಲೂ ಓಡಲಿಲ್ಲ.”

ರಾಯರು ಪೇಪರು ಮಡಿಚಿ ಬೆಂಚಿಗೆ ಬಡಿದರು.

“ಓಡಲಿಲ್ವಾ? ನನ್ನ ಟ್ಯಾಕ್ಸ್ ದುಡ್ಡು ತಗೊಂಡು ಇಷ್ಟು ದಿನ ಏನ್ರೀ ಮಾಡ್ತಿದಾರೆ ಇವರು?”